ಹಡಗು ಹತ್ತುವ ಮೊದಲು ಉಮ್ಮನನ್ನು ಕೇಳಿ

ಗಲ್ಫ್‌ನಲ್ಲಿರುವ ಮಕ್ಕಳು ಊರಿನಿಂದ ಉಮ್ಮ, ಬಾಪರನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಉಮ್ರಾ ಮಾಡಿಸುತ್ತಾರೆ, ದುಬೈಯ ಎತ್ತರದ ಕಟ್ಟಡ ತೋರಿಸುತ್ತಾರೆ, ಮಾಲ್ ಸುತ್ತಿಸುತ್ತಾರೆ. ಈಗ ಕೆಲವು ವರ್ಷಗಳಿಂದ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಅದು ಹಡಗಿನ ಪ್ರವಾಸ, ಜನರ ಬಾಯಲ್ಲಿ ‘ಕ್ರೂಸ್’. ಚಳಿಗಾಲ ಬಂತೆಂದರೆ ದುಬೈ, ಅಬುಧಾಬಿ, ದೋಹಾ ಬಂದರುಗಳಿಂದ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಹೊರಡುತ್ತವೆ. ಮಸ್ಕತ್, ಖಸಬ್, ಬಹರೈನ್ ಎಂದು ಸುತ್ತಿ ನಾಲ್ಕೋ ಏಳೋ ರಾತ್ರಿ ಕಳೆದು ಮರಳುತ್ತವೆ. ನಮ್ಮ ದೇಶದಲ್ಲೇ ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೂ ಇಂತಹ ಹಡಗು ಹೋಗಿದ್ದುಂಟು.

ಮದ್ರಸದ ಜಗುಲಿಯಲ್ಲಿ ಪೋಷಕರು ಈಗ ನಮ್ಮಲ್ಲಿ ಇದನ್ನೂ ಕೇಳುತ್ತಾರೆ. “ಉಸ್ತಾದ್, ಮಗ ಹಡಗಿಗೆ ಟಿಕೆಟ್ ಮಾಡಿದ್ದಾನೆ. ಹೋಗಬಹುದಾ? ಊಟಕ್ಕೆ ಎಂತ ಮಾಡುವುದು? ನಮಾಝ್ ಹೇಗೆ?” ನಾವು ಒಮ್ಮೆ ಹೋಗಿ ಬಂದವರು ಎಂಬುದು ಗೊತ್ತಿರುವುದರಿಂದ ಕೇಳುತ್ತಾರೆ. ಹಡಗು ಎಷ್ಟು ದೊಡ್ಡದು, ಒಳಗೆ ಏನೇನು ಉಂಟು ಎಂಬುದನ್ನು ಯಾರಾದರೂ ಹೇಳಿಯಾರು. ನಾವು ಹೇಳುವುದು ನಾವು ಮಾಡಿದ ತಪ್ಪುಗಳನ್ನು. ಅವು ಬೇರೆಯವರಿಗೆ ಉಪಕಾರವಾದರೆ ಒಳ್ಳೆಯದೇ ಅಲ್ಲವೇ?

ಕೇಳದೆ ಮಾಡಿದ ಬುಕಿಂಗ್

ಶಾರ್ಜಾದಲ್ಲಿರುವ ತಮ್ಮ ಒಂದು ಜನವರಿಯಲ್ಲಿ ಉಮ್ಮನನ್ನು, ಜೊತೆಗೆ ಇರಲಿ ಎಂದು ನಮ್ಮನ್ನೂ ಕರೆಸಿಕೊಂಡಿದ್ದ. ಅವನು, ಅವನ ಮನೆಯವಳು, ಇಬ್ಬರು ಮಕ್ಕಳು, ಉಮ್ಮ, ನಾವು ಹೀಗೆ ಒಟ್ಟು ಆರು ಜನ. ದುಬೈಯಿಂದ ಹೊರಟು ಮಸ್ಕತ್, ಅಲ್ಲಿಂದ ದೋಹಾ, ಅಬುಧಾಬಿ ಮುಗಿಸಿ ಪುನಃ ದುಬೈಗೆ, ಏಳು ರಾತ್ರಿಯ ಪ್ರಯಾಣ. ಪ್ರತಿ ಬಂದರಿನಲ್ಲಿ ಏನು ನೋಡಬೇಕು ಎಂದು ತಮ್ಮ ಮೊದಲೇ ಹಡಗಿನ ಕಂಪೆನಿಯವರಿಂದ ಟೂರ್ ಬುಕ್ ಮಾಡಿಸಿ ಹಣವನ್ನೂ ಕಟ್ಟಿದ್ದ. ಮಸ್ಕತ್‌ನಲ್ಲಿ ಇಡೀ ದಿನದ ಬಸ್ಸು. ಬೆಳಗ್ಗೆ ಹೊರಟು ಒಳನಾಡಿನ ಕೋಟೆ, ಮರುಭೂಮಿ, ದಾರಿಯಲ್ಲೇ ಊಟ, ಸಂಜೆ ವಾಪಸ್.

ಉಮ್ಮನಿಗೆ 68 ವರ್ಷ, ಎರಡೂ ಮೊಣಕಾಲು ನೋವು. ಹೊರಟ ರಾತ್ರಿ ಕ್ಯಾಬಿನ್‌ನಲ್ಲಿ ಕೂತಿದ್ದಾಗ ಸುಮ್ಮನೆ ಕೇಳಿದೆವು. “ಉಮ್ಮ, ನಾಡಿದ್ದು ಮಸ್ಕತ್. ನಿಮಗೆ ಎಂತ ನೋಡಬೇಕು ಅಂತ ಉಂಟು?”

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುತ್ರಾ ಅಲ್ಲಿಂದ ತುಂಬ ದೂರವಾ?” ಅಂದರು.

ನಮಗೆ ಒಮ್ಮೆಲೆ ನೆನಪಾಯಿತು. ಬಾಪ ಹನ್ನೊಂದು ವರ್ಷ ದುಡಿದದ್ದು ಮುತ್ರಾದ ಒಂದು ಬಟ್ಟೆಯಂಗಡಿಯಲ್ಲಿ. ಉಮ್ಮ ಹೇಳಿದ್ದನ್ನು ಕಾಗದಕ್ಕೆ ಇಳಿಸಿ, ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಪೋಸ್ಟ್ ಬಾಕ್ಸ್ ನಂಬರ್, ಮುತ್ರಾ, ಸುಲ್ತಾನೇಟ್ ಆಫ್ ಒಮಾನ್ ಎಂದು ಬರೆಯುತ್ತಿದ್ದದ್ದು ಶಾಲೆಗೆ ಹೋಗುತ್ತಿದ್ದ ನಾವೇ. ಬಾಪ ತೀರಿಹೋಗಿ ಬಹಳ ವರ್ಷವಾಯಿತು. ಉಮ್ಮ ಆ ಊರನ್ನು ಒಮ್ಮೆಯೂ ನೋಡಿಲ್ಲ, ಹೆಸರು ಮಾತ್ರ ಮರೆತಿಲ್ಲ.

ತಮ್ಮನಿಗೆ ಹೇಳಿ ನಕ್ಷೆ ತೆಗೆಸಿದೆವು. ಮಸ್ಕತ್‌ನಲ್ಲಿ ಪ್ರವಾಸಿ ಹಡಗು ಬಂದು ನಿಲ್ಲುವ ಸುಲ್ತಾನ್ ಖಾಬೂಸ್ ಬಂದರು ಇರುವುದೇ ಮುತ್ರಾದಲ್ಲಿ! ಸರಕು ಹಡಗುಗಳನ್ನು 2014ರಲ್ಲಿ ಸೊಹಾರ್ ಬಂದರಿಗೆ ಕಳಿಸಿ ಇದನ್ನು ಪ್ರವಾಸಿಗರಿಗೆ ಬಿಟ್ಟಿದ್ದಾರೆ. ಅಂದರೆ ಉಮ್ಮ ನೋಡಬೇಕೆಂದ ಜಾಗ ಬಂದರಿನ ಗೇಟಿನ ಹೊರಗೇ ಉಂಟು. ನಾವು ಹಣ ಕೊಟ್ಟು ಬುಕ್ ಮಾಡಿದ ಬಸ್ಸು ಅದನ್ನು ಹಿಂದೆ ಬಿಟ್ಟು ಅವರನ್ನು ಮರುಭೂಮಿಗೆ ಕರೆದುಕೊಂಡು ಹೋಗುವುದಿತ್ತು.

ಬೆಳಗ್ಗೆ ಟೂರ್ ಕೌಂಟರ್‌ನಲ್ಲಿ ಕೇಳಿದರೆ ರದ್ದು ಮಾಡುವ ಅವಧಿ ಮುಗಿದಿದೆ ಎಂದರು. ಇಬ್ಬರ ಹಣ ಹೋಯಿತು. ಅದು ಅವರ ತಪ್ಪಲ್ಲ, ನಿಯಮ ಬುಕಿಂಗ್ ಕಾಗದದಲ್ಲೇ ಇತ್ತು. ಓದದ್ದು ನಾವು, ಉಮ್ಮನನ್ನು ಕೇಳದ್ದೂ ನಾವೇ.

ಮುತ್ರಾದ ಬೆಳಗ್ಗೆ

ತಮ್ಮನ ಕುಟುಂಬ ಬಸ್ಸಿನಲ್ಲಿ ಹೋಯಿತು. ನಾವು, ಉಮ್ಮ ಇಬ್ಬರೇ ಇಳಿದೆವು. ಬಂದರಿನ ಒಳಗೆ ನಡೆಯಲು ಬಿಡುವುದಿಲ್ಲ. ಹಡಗಿನ ಬುಡದಿಂದ ಗೇಟಿನವರೆಗೆ ಬಸ್ಸು ಇರುತ್ತದೆ, ಅದಕ್ಕೆ ನಮ್ಮಿಂದ ಹಣ ಕೇಳಲಿಲ್ಲ. ಗೇಟಿನ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಹತ್ತುವ ಮೊದಲೇ ದರ ಮಾತಾಡಬೇಕು, ಹೋಗಿ ಬರುವುದಕ್ಕೋ ಬರೀ ಹೋಗುವುದಕ್ಕೋ ಎಂದು ಬಿಡಿಸಿ ಕೇಳಬೇಕು.

ಸಮುದ್ರದ ಬದಿಯ ಕಟ್ಟೆ ಉದ್ದಕ್ಕೂ ಸಮತಟ್ಟಾಗಿದೆ, ಕೂರಲು ಬೆಂಚುಗಳಿವೆ. ಒಂದು ಕಡೆ ಬೆಟ್ಟ, ಮೇಲೆ ಕೋಟೆ. ಇನ್ನೊಂದು ಕಡೆ ಬಿಳಿ ಮನೆಗಳ ಸಾಲು. ಅದರ ಹಿಂದೆ ಮುತ್ರಾದ ಹಳೆ ಸೂಕ್, ಅಂದರೆ ಪೇಟೆ. ಒಳಗೆ ಹೊಕ್ಕರೆ ಲುಬಾನ್ ಹೊಗೆಯ ಪರಿಮಳ, ಬಟ್ಟೆ, ಬೆಳ್ಳಿ, ಅತ್ತರು. ಅಂಗಡಿಯಲ್ಲಿ ನಿಂತವರಲ್ಲಿ ಮಲಯಾಳಿಗಳು, ಗುಜರಾತಿಗಳು, ಬಾಂಗ್ಲಾದವರು ಬೇಕಾದಷ್ಟು ಜನ. ಅಂಗಡಿಗಳು ಮಧ್ಯಾಹ್ನ ಒಂದರ ಹೊತ್ತಿಗೆ ಮುಚ್ಚಿ ಸಂಜೆ ನಾಲ್ಕರ ನಂತರ ತೆರೆಯುವುದು ಅಲ್ಲಿನ ಕ್ರಮ, ಶುಕ್ರವಾರ ಬೆಳಗ್ಗೆಯೂ ಹೆಚ್ಚಿನವು ಮುಚ್ಚಿರುತ್ತವೆ. ಮಧ್ಯಾಹ್ನ ಟೂರ್ ಮುಗಿಸಿ ಬಂದು ಸಾಮಾನು ತೆಗೆಯುತ್ತೇವೆ ಎಂದುಕೊಂಡವರಿಗೆ ಸಿಗುವುದು ಮುಚ್ಚಿದ ಬಾಗಿಲು.

ಮಸ್ಕತ್ ನಮ್ಮವರಿಗೆ ಹೊಸ ಊರೂ ಅಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಮಂಗಳೂರಿನ ಅಕ್ಕಿ ಹಾಯಿಹಡಗಿನಲ್ಲಿ ಮಸ್ಕತ್‌ಗೆ ಹೋಗುತ್ತಿತ್ತು, ಟಿಪ್ಪುವಿನ ವ್ಯಾಪಾರದ ಕೋಠಿಯೂ ಅಲ್ಲಿತ್ತು. ಉಮ್ಮನಿಗೆ ಇದನ್ನೆಲ್ಲ ಹೇಳುತ್ತಾ ನಡೆದೆವು. ಅವರು ಕೇಳಿಸಿಕೊಂಡರೋ ಇಲ್ಲವೋ. ಬಟ್ಟೆಯಂಗಡಿ ಕಂಡಲ್ಲೆಲ್ಲ ನಿಂತು ಒಳಗೆ ನೋಡುತ್ತಿದ್ದರು. ಒಂದು ಕಡೆ ಮಲಯಾಳಿ ಅಂಗಡಿಯವರಲ್ಲಿ, “ಇಲ್ಲಿ ಪೋಸ್ಟ್ ಆಫೀಸ್ ಎಲ್ಲುಂಟು?” ಎಂದು ಬ್ಯಾರಿಯಲ್ಲೇ ಕೇಳಿದರು. ಅವರಿಗೆ ಅರ್ಥವಾಯಿತು, ಕೈ ತೋರಿಸಿ ದಾರಿ ಹೇಳಿದರು. ಸ್ವಲ್ಪ ದೂರ ಉಂಟು, ಟ್ಯಾಕ್ಸಿ ಮಾಡುವ ಎಂದೆವು. “ಬೇಡ, ಇದೆ ಅಂತ ಗೊತ್ತಾಯಿತಲ್ಲ, ಸಾಕು” ಎಂದು ಕಟ್ಟೆಯ ಬೆಂಚಿನಲ್ಲಿ ಬಂದು ಕೂತರು. ಲುಹರ್ ಬಾಂಗ್ ಆಗುವವರೆಗೆ ಅಲ್ಲೇ ಕೂತಿದ್ದೆವು.

ಸಂಜೆ ಬಸ್ಸಿನವರು ಬಂದರು. ಮಕ್ಕಳು ಬಳಲಿ ನಿದ್ದೆ ಹೋಗಿದ್ದರು. ದಿನದ ಹೆಚ್ಚಿನ ಪಾಲು ಬಸ್ಸಿನಲ್ಲೇ ಕಳೆಯಿತು ಎಂದು ತಮ್ಮನ ಮನೆಯವಳು ಹೇಳಿದಳು.

ಒಂದು ಬಂದರಿಗೆ ಒಂದೇ ಕೆಲಸ

ಪಣಂಬೂರಿನ ನವಮಂಗಳೂರು ಬಂದರಿಗೂ ಪ್ರತಿವರ್ಷ ವಿದೇಶಿ ಪ್ರವಾಸಿಗರ ಹಡಗುಗಳು ಬರುತ್ತವೆ. ಬೆಳಗ್ಗೆ ಇಳಿದು ಸಂಜೆ ಹೊರಡುವ ಆ ಜನರನ್ನು ನಾವು ಪೇಟೆಯಲ್ಲಿ ನೋಡಿದ್ದೇವೆ. ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಕಾಲೇಜಿನ ಚಾಪೆಲ್, ಸೆಂಟ್ರಲ್ ಮಾರ್ಕೆಟ್ ಕಡೆ ಒಂದು ಸುತ್ತು ಎಂದು ನಗರದಲ್ಲೇ ನಿಧಾನಕ್ಕೆ ಓಡಾಡುವವರು ನಗುಮುಖದಲ್ಲಿರುತ್ತಾರೆ. ಒಂದೇ ದಿನದಲ್ಲಿ ಮೂಡುಬಿದಿರೆ, ಕಾರ್ಕಳ, ಉಡುಪಿ ಎಲ್ಲವನ್ನೂ ಮುಗಿಸಲು ಹೊರಟವರು ನಂತೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ವಾಚು ನೋಡುತ್ತಿರುತ್ತಾರೆ. ಬೇರೆ ಊರಿನಲ್ಲಿ ಇಳಿದಾಗ ನಾವೂ ಅಂಥವರೇ.

ಹಡಗು ಬಂದರಿನಲ್ಲಿ ಹತ್ತು ಗಂಟೆ ನಿಂತರೆ ನಮ್ಮ ಕೈಗೆ ಸಿಗುವುದು ಹತ್ತು ಗಂಟೆ ಅಲ್ಲ. ಅಧಿಕಾರಿಗಳ ಪರಿಶೀಲನೆ ಮುಗಿದು ಇಳಿಯಲು ಬಿಡುವಾಗಲೇ ಒಂದು ಗಂಟೆ ಹೋಗಬಹುದು. ಹೊರಡುವ ಹೊತ್ತಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಹಡಗಿನ ಒಳಗಿರಬೇಕು. ಆ ಗಡುವಿಗೂ ಒಂದು ಗಂಟೆ ಮುಂಚೆ ಗೇಟಿಗೆ ಬರುವುದು ಬುದ್ಧಿವಂತಿಕೆ. ಉಳಿಯುವುದು ಏಳೋ ಏಳೂವರೆಯೋ ಗಂಟೆ. ಅದರಲ್ಲಿ ಊಟ, ನಮಾಝ್, ಮುದುಕರಿಗೆ ಕೂರುವ ಹೊತ್ತು ಕಳೆದರೆ ಒಂದು ಒಳ್ಳೆ ಕೆಲಸಕ್ಕೆ ಸಮಯ ಸಿಗುತ್ತದೆ, ಎರಡನೆಯದು ಸಿಕ್ಕಿದರೆ ಲಾಭ.

ಹಾಗಾಗಿ ಪ್ರತಿ ಬಂದರಿಗೆ ಒಂದೇ ಕೆಲಸ ಇಟ್ಟುಕೊಳ್ಳಿ. ಮಸ್ಕತ್‌ನಲ್ಲಿ ಮುತ್ರಾ ಪೇಟೆ ಅಥವಾ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿ. 2001ರಲ್ಲಿ ಉದ್ಘಾಟನೆಯಾದ ಆ ಮಸೀದಿಯ ಕಟ್ಟೋಣಕ್ಕೆ ಭಾರತದ ಮರಳುಗಲ್ಲು ಹೋಗಿದೆ. ಬಂದರಿನಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ದಾರಿ. ದೋಹಾದಲ್ಲಿ ಸೂಕ್ ವಾಕಿಫ್ ಅಥವಾ 2008ರಲ್ಲಿ ತೆರೆದ ಇಸ್ಲಾಮಿಕ್ ಕಲೆಯ ಮ್ಯೂಸಿಯಂ. ಎರಡೂ ಹಳೆ ಬಂದರಿಗೆ ಹತ್ತಿರ. ಅಬುಧಾಬಿಯಲ್ಲಿ ಶೇಖ್ ಝಾಯಿದ್ ಮಸೀದಿ. ಪ್ರವೇಶಕ್ಕೆ ಹಣ ಇಲ್ಲ, ಆದರೆ ನೋಡಲು ಹೋಗುವವರು ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು.

ಹಡಗಿನ ಕಂಪೆನಿಯ ಟೂರ್ ದುಬಾರಿ, ಆದರೆ ಅದಕ್ಕೆ ಒಂದು ಬೆಲೆ ಉಂಟು. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲದಿದ್ದರೆ ಮುಂದಿನ ಬಂದರಿಗೆ ಮುಟ್ಟಿಸುವ ಜವಾಬ್ದಾರಿ ಅವರದು. ನಾವೇ ಟ್ಯಾಕ್ಸಿ ಮಾಡಿ ಹೋಗಿ ತಡಮಾಡಿದರೆ ಹಡಗು ಕಾಯುವುದಿಲ್ಲ. ಮುಂದಿನ ದೇಶಕ್ಕೆ ನಮ್ಮ ಖರ್ಚಿನಲ್ಲೇ ಹೋಗಿ ಹಡಗು ಹಿಡಿಯಬೇಕು. ಆದ್ದರಿಂದ ನಮ್ಮ ಲೆಕ್ಕ ಇಷ್ಟು: ದೂರದ ಜಾಗಕ್ಕೆ ಹಡಗಿನವರ ಟೂರ್, ಬಂದರಿನ ಹತ್ತಿರದ ಜಾಗಕ್ಕೆ ಸ್ವಂತ ಟ್ಯಾಕ್ಸಿ.

ಇನ್ನೊಂದು ವಿಷಯ. ಎಲ್ಲ ಕಡೆ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ. ಲಕ್ಷದ್ವೀಪದಂತಹ ಜಾಗದಲ್ಲಿ ದೊಡ್ಡ ಹಡಗು ಆಳದ ನೀರಿನಲ್ಲೇ ನಿಂತು, ಜನರನ್ನು ಸಣ್ಣ ದೋಣಿಗೆ ಇಳಿಸುತ್ತಾರೆ. ಅಲೆಯಲ್ಲಿ ಕುಣಿಯುವ ದೋಣಿಗೆ ಕಾಲಿಡುವುದು ಮೊಣಕಾಲು ನೋವಿನವರಿಗೆ, ವೀಲ್‌ಚೇರ್‌ನವರಿಗೆ ಸುಲಭವಲ್ಲ. ಗಾಳಿ ಜೋರಿದ್ದರೆ ಆ ಬಂದರನ್ನೇ ಬಿಟ್ಟು ಹೋಗುವುದೂ ಉಂಟು. ಬುಕ್ ಮಾಡುವ ಮೊದಲು ಪ್ರತಿ ಬಂದರಿಗೂ ‘ಹಡಗು ದಡಕ್ಕೆ ಕಟ್ಟುತ್ತದಾ, ದೋಣಿಯಾ’ ಎಂದು ಕೇಳಿ.

ಹಡಗಿನ ಗಂಟೆ ಬೇರೆ, ಫೋನಿನ ಗಂಟೆ ಬೇರೆ

ದೋಹಾದಲ್ಲಿ ಉಮ್ಮನ ವಾಚು ನಮ್ಮನ್ನು ಉಳಿಸಿತು. ಯುಎಇ ಮತ್ತು ಒಮಾನ್‌ನ ಗಂಟೆ ಒಂದೇ. ಖತರ್ ಒಂದು ಗಂಟೆ ಹಿಂದೆ. ನಮ್ಮ ಹಡಗು ಪೂರ್ತಿ ಪ್ರಯಾಣದಲ್ಲಿ ದುಬೈ ಗಂಟೆಯನ್ನೇ ಇಟ್ಟುಕೊಂಡಿತ್ತು. ರಾತ್ರಿ ಕ್ಯಾಬಿನ್‌ಗೆ ಬರುವ ದಿನಚರಿ ಹಾಳೆಯಲ್ಲಿ ಅದನ್ನು ಬರೆದಿದ್ದರು. ನಾವು ಊಟದ ಪಟ್ಟಿ ಓದಿ ಹಾಳೆಯನ್ನು ಬದಿಗಿಟ್ಟಿದ್ದೆವು.

ಹಡಗಿನ ಗಂಟೆಯಲ್ಲಿ 5.30ಕ್ಕೆ ಎಲ್ಲರೂ ಒಳಗಿರಬೇಕಿತ್ತು. ಸೂಕ್ ವಾಕಿಫ್‌ನಲ್ಲಿ ತಿರುಗಾಡುವಾಗ ತಮ್ಮನ ಫೋನಿನಲ್ಲಿ 3.40. ಫೋನು ತನ್ನಿಂದ ತಾನೇ ಖತರ್ ಗಂಟೆಗೆ ಬದಲಾಗಿತ್ತು. “ಇನ್ನೂ ಎರಡು ಗಂಟೆ ಹತ್ತಿರ ಉಂಟು ಕಾಕ, ಕತಾರಾ ನೋಡಿ ಬರುವ” ಎಂದು ಟ್ಯಾಕ್ಸಿಗೆ ಕೈಹಿಡಿದ. ಆಗ ಉಮ್ಮ, “ನನ್ನ ವಾಚಿನಲ್ಲಿ 4.40 ಆಯ್ತಲ್ಲ ಮಕ್ಕಳೇ” ಎಂದರು. ಹಳೆ ವಾಚು, ನಿಂತಿರಬೇಕು ಎಂದು ನಾವು ನಕ್ಕೆವು. ಮರುಕ್ಷಣ ತಮ್ಮನ ಮುಖ ಬಿಳಿಚಿತು. ಅದೇ ಟ್ಯಾಕ್ಸಿಯಲ್ಲಿ ನೇರ ಬಂದರಿಗೆ ಬಂದೆವು. ಗೇಟು ದಾಟುವಾಗ ಉಮ್ಮನ ವಾಚಿನಲ್ಲಿ 5.10. ಕತಾರಾ ಕಡೆ ಹೋಗಿದ್ದರೆ ಮಕ್ಕಳ ಮದ್ದು, ಉಮ್ಮನ ಶುಗರಿನ ಮಾತ್ರೆ ಎಲ್ಲ ಹಡಗಿನಲ್ಲಿ, ನಾವು ದಡದಲ್ಲಿ.

ಆ ದಿನದಿಂದ ಒಂದು ಕ್ರಮ ಮಾಡಿಕೊಂಡೆವು. ಇಳಿಯುವಾಗ ಹಡಗಿನ ಬಾಗಿಲಿನ ಗಡಿಯಾರಕ್ಕೆ ಒಂದು ಕೈವಾಚು ಹೊಂದಿಸಿ, ಅದನ್ನು ಮಾತ್ರ ನಂಬುವುದು. ದಿನದ ಮದ್ದು, ಪಾಸ್‌ಪೋರ್ಟಿನ ಪ್ರತಿ, ಸ್ವಲ್ಪ ಹಣ, ಹಡಗಿನ ಏಜೆಂಟರ ನಂಬರ್ ಇರುವ ದಿನಚರಿ ಹಾಳೆ ಇವನ್ನು ಕೈಚೀಲದಲ್ಲಿ ಇಟ್ಟೇ ಇಳಿಯುವುದು. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ತೆಗೆದಿಟ್ಟುಕೊಳ್ಳುವುದರಿಂದ ಪ್ರತಿ ಇರಲೇಬೇಕು.

ಹಡಗಿನ ಒಳಗಿನ ಆಯ್ಕೆಗಳು

ಟಿಕೆಟಿನಲ್ಲಿ ಸೇರಿರುವುದು ಕ್ಯಾಬಿನ್, ಮುಖ್ಯ ಊಟದ ಮನೆಯ ಊಟ, ಬಫೆ, ಕೆಲವು ಮನರಂಜನೆ. ಉಳಿದದ್ದಕ್ಕೆ ಹಣ. ಕ್ಯಾಬಿನ್‌ನ ಕೀಲಿ ಕಾರ್ಡೇ ಅಲ್ಲಿ ಪರ್ಸು. ಮಕ್ಕಳು ಐಸ್‌ಕ್ರೀಮಿಗೂ ಆಟಕ್ಕೂ ಕಾರ್ಡ್ ತೋರಿಸುತ್ತಾರೆ, ಲೆಕ್ಕ ಕೊನೆಯ ದಿನ ಬರುತ್ತದೆ. ಇದರ ಮೇಲೆ ಸರ್ವಿಸ್ ಚಾರ್ಜ್ ಎಂದು ಪ್ರತಿಯೊಬ್ಬರಿಗೆ ಪ್ರತಿ ರಾತ್ರಿಗೆ ಹಾಕುತ್ತಾರೆ. 10 ಡಾಲರ್ ಎಂದು ಹಿಡಿದರೂ ಆರು ಜನರಿಗೆ ಏಳು ರಾತ್ರಿಗೆ 420 ಡಾಲರ್ ಆಯಿತು. ಟಿಕೆಟ್ ಅಗ್ಗ ಎಂದು ಸಂತೋಷಪಡುವ ಮೊದಲು ಇದನ್ನು ಕೂಡಿಸಿ ನೋಡಿ.

ಕ್ಯಾಬಿನ್ ಆರಿಸುವಾಗ ಎತ್ತರದ ಡೆಕ್, ಬಾಲ್ಕನಿ ಎಂದು ಮಕ್ಕಳು ಹೇಳುತ್ತಾರೆ. ವಾಂತಿ, ತಲೆಸುತ್ತು ಬರುವವರಿಗೆ ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ ಕ್ಯಾಬಿನ್ ಒಳ್ಳೆಯದು, ಅಲ್ಲಿ ಅಲುಗಾಟ ಕಡಿಮೆ. ಮುದುಕರಿಗೆ ಲಿಫ್ಟಿನ ಹತ್ತಿರ ಇರಬೇಕು. ನಮ್ಮದು ತುದಿಯಲ್ಲಿತ್ತು. ಉಮ್ಮನಿಗೆ ಪ್ರತಿ ಊಟಕ್ಕೂ ಉದ್ದದ ಕಾರಿಡಾರ್ ನಡೆಯುವುದೇ ಒಂದು ಪ್ರಯಾಣವಾಯಿತು.

ಪಾನೀಯದ ಪ್ಯಾಕೇಜ್ ಎಂದು ಮೊದಲ ದಿನವೇ ಬೆನ್ನು ಹತ್ತುತ್ತಾರೆ. ಅದರ ಬೆಲೆಯ ದೊಡ್ಡ ಪಾಲು ನಮಗೆ ಬೇಡದ ಮದ್ಯಕ್ಕೇ ಹೋಗುತ್ತದೆ. ಬರೀ ಜ್ಯೂಸಿನ ಪ್ಯಾಕೇಜ್ ಬೇರೆ ಇದ್ದರೂ, ಬಫೆಯಲ್ಲಿ ನೀರು, ಚಹಾ ಹೇಗೆ ಸಿಗುತ್ತದೆ ಎಂದು ಎರಡು ದಿನ ನೋಡಿ ನಂತರ ಯೋಚಿಸಿದರೆ ಸಾಕು. ಹಾಗೆಂದು ಊರಿನವರ ಹಾಗೆ ಕೆಟ್ಲ್ ಕಟ್ಟಿಕೊಂಡು ಹೋಗಬೇಡಿ. ಕೆಟ್ಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಬೆಂಕಿಯ ಭಯದಿಂದ ಹಡಗಿಗೆ ಬಿಡುವುದಿಲ್ಲ. ಮನೆಯಿಂದ ಮಾಡಿಕೊಂಡು ಹೋದ ಪತ್ತಿರಿಯನ್ನೂ ಬಾಗಿಲಲ್ಲೇ ತೆಗೆಯುತ್ತಾರೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಡಿ. ನಡುಸಮುದ್ರದಲ್ಲಿ ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ತಲೆ ತಿರುಗುತ್ತದೆ.

ಊಟದ ವಿಷಯ. ಗಲ್ಫ್‌ನಿಂದ ಹೊರಟ ಹಡಗು ಎಂದ ಮಾತ್ರಕ್ಕೆ ಮಾಂಸವೆಲ್ಲ ಹಲಾಲ್ ಎಂದುಕೊಳ್ಳಬಾರದು. ಬುಕ್ ಮಾಡುವಾಗಲೇ ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಳ್ಳಿ. ಹತ್ತಿದ ದಿನವೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಹೇಳಿ. ನಾವು ಹಾಗೆ ಹೇಳಿದ ಮೇಲೆ ಒಬ್ಬ ಗೋವಾದ ಹುಡುಗ ಪ್ರತಿದಿನ ಯಾವುದು ತಿನ್ನಬಹುದು ಎಂದು ತೋರಿಸುತ್ತಿದ್ದ. ಸಂಶಯ ಇದ್ದಲ್ಲಿ ಮೀನು, ತರಕಾರಿ. ಸಾಸಿನಲ್ಲಿ ವೈನ್, ಸಿಹಿಯಲ್ಲಿ ಜೆಲಟಿನ್, ಒಂದೇ ಎಣ್ಣೆಯಲ್ಲಿ ಎಲ್ಲವನ್ನೂ ಕರಿಯುವುದು, ಈ ಮೂರನ್ನು ಕೇಳಿ ತಿಳಿದುಕೊಳ್ಳಬೇಕು. ಬಫೆ ಎಂದು ತಟ್ಟೆ ತುಂಬಿಸಿ ಅರ್ಧ ಬಿಡುವುದನ್ನು ನಮ್ಮ ಮಕ್ಕಳಿಂದ ನೋಡಬಾರದು. ಇಸ್ರಾಫ್ ಹಡಗಿನಲ್ಲೂ ಇಸ್ರಾಫೇ.

“ಕ್ಯಾಸಿನೊ, ಬಾರ್ ಇರುವ ಹಡಗಿಗೆ ಉಸ್ತಾದರು ಹೋಗುವುದಾ?” ಎಂದು ಊರಿನಲ್ಲಿ ಕೇಳಿದವರಿದ್ದಾರೆ. ಪ್ರಶ್ನೆ ಸರಿಯೇ. ಅದು ಬೇಡ ಎಂದು ಹೋಗದೆ ಇರುವವರನ್ನು ನಾವು ಗೌರವಿಸುತ್ತೇವೆ. ಹೋಗುವವರು ಹಡಗಿನ ನಕ್ಷೆಯನ್ನು ಮೊದಲ ದಿನವೇ ನೋಡಿ, ಮಕ್ಕಳೊಂದಿಗೆ ಯಾವ ದಾರಿಯಲ್ಲಿ ನಡೆಯಬೇಕು, ಎಲ್ಲಿ ಕೂರಬೇಕು ಎಂದು ತೀರ್ಮಾನಿಸಿಕೊಳ್ಳಿ. ಸುಬಹಿಯ ನಂತರ ಮೇಲಿನ ಡೆಕ್ ಖಾಲಿ ಇರುತ್ತದೆ. ಉಮ್ಮ ಅಬಾಯದಲ್ಲಿ ನೆಮ್ಮದಿಯಾಗಿ ಕೂತು ಸಮುದ್ರ ನೋಡಿದ್ದು ಆಗಲೇ.

ನಮಾಝ್ ಮತ್ತು ವೀಸಾ

ದೀರ್ಘ ಪ್ರಯಾಣದಲ್ಲಿರುವವರಿಗೆ ನಮ್ಮ ಶಾಫಿಈ ಮಝ್‌ಹಬ್‌ನಲ್ಲಿ ಜಂಅ್ ಮತ್ತು ಖಸ್ರ್‌ನ ರಿಯಾಯಿತಿ ಇದೆ. ಲುಹರ್ ಮತ್ತು ಅಸರ್ ಒಟ್ಟಿಗೆ, ಮಗ್ರಿಬ್ ಮತ್ತು ಇಶಾ ಒಟ್ಟಿಗೆ ನಿರ್ವಹಿಸಬಹುದು ಎಂದು ತಿಳಿದಿದ್ದರೆ ಬಂದರಿನ ದಿನದ ಯೋಜನೆ ಹಗುರವಾಗುತ್ತದೆ. ಷರತ್ತುಗಳನ್ನು ಹೊರಡುವ ಮೊದಲು ನಿಮ್ಮ ಖತೀಬರಲ್ಲಿ ಕೇಳಿ. ಹಡಗಿನಲ್ಲಿ ಫರ್ಳ್ ನಮಾಝನ್ನು ನಿಂತೇ ಮಾಡಬೇಕು, ತಲೆಸುತ್ತಿ ಬೀಳುವ ಭಯ ಇದ್ದವರು ಕೂತು ಮಾಡಬಹುದು. ಕಿಬ್ಲಾಕ್ಕೆ ಊರಿನ ಅಂದಾಜು ನಡೆಯದು. ಮಂಗಳೂರಿನಲ್ಲಿ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ತಿರುಗುತ್ತೇವೆ, ದುಬೈ, ದೋಹಾದ ಕಡೆ ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ. ಸುತ್ತಲೂ ಉಕ್ಕಿನ ಗೋಡೆ ಇರುವುದರಿಂದ ಫೋನಿನ ಕಂಪಾಸ್ ಕ್ಯಾಬಿನ್‌ನಲ್ಲಿ ತಪ್ಪು ತೋರಿಸುತ್ತದೆ. ಕ್ಯಾಬಿನ್ ಟಿವಿಯ ಒಂದು ಚಾನೆಲ್‌ನಲ್ಲಿ ಹಡಗು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬ ನಕ್ಷೆ ಬರುತ್ತದೆ, ಅದನ್ನು ನೋಡಿ ದಿಕ್ಕು ಹಿಡಿಯಿರಿ. ಹಡಗು ತಿರುಗಿದರೆ ನಾವೂ ತಿರುಗಬೇಕು.

ಕೊನೆಗೆ ವೀಸಾ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದವರು ಹಡಗಿನಲ್ಲಿ ಮಸ್ಕತ್‌ಗೆ ಹೋದರೆಂದರೆ ಯುಎಇಯಿಂದ ಹೊರಗೆ ಹೋದಂತೆ. ಮರಳಿ ಅಬುಧಾಬಿಗೆ ಬರುವಾಗ ಅದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಸಾಲುವುದಿಲ್ಲ. ನಮ್ಮ ತಮ್ಮ ಮೊದಲು ಮಾಡಿಸಲು ಹೊರಟದ್ದು ಅದನ್ನೇ, ಹಡಗಿನವರು ಕಾಗದ ಕೇಳಿದಾಗ ಗೊತ್ತಾಗಿ ಬದಲಾಯಿಸಿದ. ದಾರಿಯಲ್ಲಿ ಬರುವ ಪ್ರತಿ ದೇಶಕ್ಕೂ ಭಾರತೀಯ ಪಾಸ್‌ಪೋರ್ಟಿನವರಿಗೆ ಏನು ಬೇಕು ಎಂದು ಹಡಗಿನ ಕಂಪೆನಿಯಿಂದ ಬರಹದಲ್ಲೇ ಪಡೆದುಕೊಳ್ಳಿ.

ಮೊನ್ನೆ ನಮ್ಮ ಮದ್ರಸದ ಹುಡುಗನೊಬ್ಬನ ತಂದೆ ದಮಾಮ್‌ನಿಂದ ಫೋನು ಮಾಡಿದ್ದರು. ಉಮ್ಮನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು, ಯಾವ ಹಡಗು ಒಳ್ಳೆಯದು ಉಸ್ತಾದ್ ಎಂದು ಕೇಳಿದರು. ಹಡಗಿನ ಮಾತು ಆಮೇಲೆ, ಉಮ್ಮನಿಗೆ ಎಲ್ಲಿ ಇಳಿಯಬೇಕು ಅಂತ ಆಸೆ ಉಂಟು ಎಂದು ಮೊದಲು ಕೇಳಿ ಎಂದೆವು. ಅವರು ಸ್ವಲ್ಪ ತಡೆದು, “ಅದನ್ನು ಕೇಳಲೇ ಇಲ್ಲ” ಎಂದರು. ಎರಡು ದಿನ ಬಿಟ್ಟು ಪುನಃ ಫೋನು ಬಂತು. ಅವರ ಉಮ್ಮನಿಗೆ ಹಡಗೇ ಬೇಡವಂತೆ. ಬಹರೈನ್‌ನಲ್ಲಿರುವ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದರೆ ಸಾಕಂತೆ. ಕಾರಿನಲ್ಲಿ ಸಮುದ್ರದ ಸೇತುವೆ ದಾಟಿ ಹೋಗಿ ಬರುತ್ತೇವೆ ಎಂದರು.